ಅಪಘಾತ ಪರಿಹಾರ: ಎಕ್ಸ್-ರೇ ಇದ್ದರಷ್ಟೇ ಸಾಕೆ?

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬುದು ಗಾದೆ. ನ್ಯಾಯಾಲಯದ ಮೆಟ್ಟಿಲೇರಿದವರಿಗೆ ಮಾತ್ರ ಈ ಗಾದೆ ಅನ್ವಯಿಸದು. ಊರುಗೋಲು ಹಿಡಿದು ಕಟಕಟೆ ಹತ್ತಿದ ಗಾಯಾಳು ಕೂಡ ತನ್ನ ಕಾಲು ಮುರಿದದ್ದು ಅದೇ ಅಪಘಾತದಲ್ಲಿ, ಅದೇ ದಿನ ಎಂಬುದನ್ನು ಫಿಲ್ಮು, ವರದಿ ಹಾಗೂ ವೈದ್ಯರ ಹೇಳಿಕೆಗಳಿಂದ ಸಾಬೀತುಪಡಿಸಬೇಕಾಗುತ್ತದೆ. ಎಕ್ಸ್-ರೇ, ಸಿ.ಟಿ. ಸ್ಕ್ಯಾನ್, ಎಂ.ಆರ್.ಐ. ಚಿತ್ರಗಳು ಹಾಸಿಗೆ ಹಿಡಿದವನ ಚಿಕಿತ್ಸೆಗೆ ಎಷ್ಟು ಮುಖ್ಯವೋ ಆತನ ಮುಂದಿನ ಬದುಕಿನ ಲೆಕ್ಕಾಚಾರಕ್ಕೂ ಅಷ್ಟೇ ಮುಖ್ಯ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಅಂಕಿ-ಅಂಶಗಳ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿದವು. 1,68,491 ಮಂದಿ ಅಸುನೀಗಿದರೆ, ಗಾಯಗೊಂಡವರು 4,43,366 ಮಂದಿ. ಸತ್ತವರ ಕುಟುಂಬಕ್ಕೆ ಸಾವನ್ನು ಸಾಬೀತುಪಡಿಸುವ ಕಷ್ಟವಿಲ್ಲ. ಬದುಕುಳಿದವರಿಗೆ ಮಾತ್ರ ತಮ್ಮ ನೋವನ್ನು ಅಳೆದು ತೋರಿಸುವ ಹೊಣೆ ಬೀಳುತ್ತದೆ. ಆ ಅಳತೆಯ ಮೊದಲ ಗೆರೆಯೇ ವೈದ್ಯಕೀಯ ಚಿತ್ರ. ಆದರೆ ಕೊನೆಯ ಗೆರೆಯೂ ಅದೇ ಎಂದು ನಂಬಿ ಕುಳಿತವರು ಪರಿಹಾರ ನ್ಯಾಯಮಂಡಳಿಗಳಲ್ಲಿ ಬರಿಗೈಲಿ ಅಲ್ಲದಿದ್ದರೂ ಅರೆಗೈಲಿ ಹಿಂದಿರುಗುವ ಸಂಭವವೇ ಹೆಚ್ಚು.

ಒಂದು ಬಿರುಕಿನ ಬೆಲೆ

ಕಾನೂನಿನ ದೃಷ್ಟಿಯಲ್ಲಿ ಮೂಳೆಯ ಬಿರುಕು ಸಾಮಾನ್ಯ ಸಂಗತಿಯಲ್ಲ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಪ್ರಕಾರ ಮೂಳೆ ಅಥವಾ ಹಲ್ಲು ಮುರಿದರೆ, ಕೀಲು ತಪ್ಪಿದರೆ ಅದು ತೀವ್ರ ಸ್ವರೂಪದ ಗಾಯ. ಹಳೆಯ ಭಾರತೀಯ ದಂಡ ಸಂಹಿತೆಯ 320ನೇ ಕಲಂ ಕೂಡ ಇದನ್ನೇ ಹೇಳುತ್ತಿತ್ತು. ತರಚು, ಊತ, ಬಾವು ಎಷ್ಟೇ ಭೀಕರವಾಗಿ ಕಂಡರೂ ಅವು ತಾವಾಗಿ ಈ ಪಟ್ಟಿಗೆ ಸೇರುವುದಿಲ್ಲ. ಕೂದಲೆಳೆಯಷ್ಟು ತೆಳುವಾದ ಬಿರುಕು ಫಿಲ್ಮಿನಲ್ಲಿ ಕಂಡರೆ ಪ್ರಕರಣದ ಸ್ವರೂಪವೇ ಬದಲಾಗುತ್ತದೆ.

ಪರಿಹಾರದ ಕಡೆಯಿಂದ ನೋಡಿದರೂ ಅಷ್ಟೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 164ನೇ ಕಲಂ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಚಾಲಕನ ತಪ್ಪನ್ನು ಸಾಬೀತುಪಡಿಸುವ ಅಗತ್ಯವಿಲ್ಲದೆ, ಸಾವು ಸಂಭವಿಸಿದರೆ 5 ಲಕ್ಷ ರೂ., ತೀವ್ರ ಸ್ವರೂಪದ ಗಾಯವಾದರೆ 2.5 ಲಕ್ಷ ರೂ. ನೀಡಬೇಕೆಂದು ಅದು ಹೇಳುತ್ತದೆ. ಗಾಯ ಸಾಧಾರಣವೋ ತೀವ್ರವೋ ಎಂಬ ಪ್ರಶ್ನೆಗೆ ಬಹುತೇಕ ಸಂದರ್ಭಗಳಲ್ಲಿ ಉತ್ತರ ನೀಡುವುದು ಅಪಘಾತದ ದಿನ ತೆಗೆದ ಎಕ್ಸ್-ರೇ. ಆಸ್ಪತ್ರೆ ನೀಡುವ ಗಾಯದ ಪ್ರಮಾಣಪತ್ರದಲ್ಲಿ 'ಮೂಳೆ ಮುರಿತ' ಎಂದು ಬರೆದು, ಅದರ ಆಧಾರವಾದ ಎಕ್ಸ್-ರೇ ಸಂಖ್ಯೆಯನ್ನು ನಮೂದಿಸದೆ ಬಿಟ್ಟರೆ ವಿಮಾ ಕಂಪನಿಯ ವಕೀಲರ ಪಾಟೀ ಸವಾಲು ಅಲ್ಲಿಂದಲೇ ಆರಂಭವಾಗುತ್ತದೆ.

ಮೂಳೆಯಿಂದ ದುಡಿಮೆಯವರೆಗೆ

ಆದರೆ 166ನೇ ಕಲಂ ಅಡಿ ಪೂರ್ಣ ಪ್ರಮಾಣದ ಪರಿಹಾರ ಕೇಳುವವರಿಗೆ ಮೂಳೆ ಮುರಿದಿದೆ ಎಂಬುದಷ್ಟೇ ಸಾಲದು. ಭವಿಷ್ಯದ ಗಳಿಕೆಯಲ್ಲಿ ಎಷ್ಟು ಖೋತಾ ಆಗುತ್ತದೆ ಎಂಬುದೇ ಅಲ್ಲಿ ದೊಡ್ಡ ಬಾಬತ್ತು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ತಿಂಗಳಿಗೆ 15,000 ರೂ. ದುಡಿಯುವ 32 ವರ್ಷದ ಗಾರೆ ಕೆಲಸಗಾರನೊಬ್ಬನ ಕಾಲು ಮುರಿದಿದೆ ಎಂದಿಟ್ಟುಕೊಳ್ಳೋಣ. 2009ರಲ್ಲಿ ಸುಪ್ರೀಂ ಕೋರ್ಟ್ ನಿಗದಿಪಡಿಸಿದ ಕೋಷ್ಟಕದಂತೆ 31ರಿಂದ 35 ವಯಸ್ಸಿನವರಿಗೆ ಗುಣಕ 16. ವರ್ಷದ ದುಡಿಮೆ 1.80 ಲಕ್ಷವನ್ನು 16ರಿಂದ ಗುಣಿಸಿದರೆ 28.80 ಲಕ್ಷ ರೂ. ಗಳಿಕೆಯ ಸಾಮರ್ಥ್ಯ ಶೇ.45ರಷ್ಟು ಕುಂದಿದೆ ಎಂದು ಒಪ್ಪಿದರೆ ಆತನಿಗೆ ಈ ಬಾಬತ್ತಿನಲ್ಲಿ 12.96 ಲಕ್ಷ ರೂ. ಸಿಗುತ್ತದೆ. ಶೇ.15 ಎಂದಾದರೆ 4.32 ಲಕ್ಷ ರೂ. ಮಾತ್ರ. ಫಿಲ್ಮು ಒಂದೇ, ಮುರಿತವೂ ಒಂದೇ. ವ್ಯತ್ಯಾಸ 8.64 ಲಕ್ಷ ರೂ.

ಈ ಅಂತರ ಎಲ್ಲಿಂದ ಬರುತ್ತದೆ? ಕರ್ನಾಟಕ ಮೂಲದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು 2010ರ ಅಕ್ಟೋಬರ್‌ನಲ್ಲಿ ಬರೆದ ಸುಪ್ರೀಂ ಕೋರ್ಟ್ ತೀರ್ಪು ಇದಕ್ಕೆ ಉತ್ತರ ನೀಡಿದೆ. ಇಂದಿಗೂ ನ್ಯಾಯಮಂಡಳಿಗಳ ಮುಂದೆ ಪದೇ ಪದೇ ಉಲ್ಲೇಖವಾಗುವ ತೀರ್ಪು ಇದು. ಒಂದು ಅಂಗಕ್ಕಾದ ವೈಕಲ್ಯದ ಪ್ರಮಾಣವನ್ನು ಇಡೀ ದೇಹದ ವೈಕಲ್ಯವೆಂದು ತಿಳಿಯಬಾರದು. ಇಡೀ ದೇಹದ ವೈಕಲ್ಯವನ್ನೂ ಗಳಿಕೆಯ ನಷ್ಟವೆಂದು ಯಾಂತ್ರಿಕವಾಗಿ ಇಳಿಸಿಕೊಳ್ಳಬಾರದು ಎಂಬುದು ಅದರ ತಿರುಳು. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ಗಳಿಕೆಯ ನಷ್ಟ ಹೆಚ್ಚುಕಡಿಮೆ ಶೇ.100 ಆಗಬಹುದು, ಅದೇ ಗಾಯವಾದ ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು ಎಂಬ ಉದಾಹರಣೆಯನ್ನು ನ್ಯಾಯಾಲಯವೇ ನೀಡಿತ್ತು. ಆ ಪ್ರಕರಣದ ಗಾಯಾಳುವಿನ ಎಡಗಾಲಿಗೆ ಶೇ.45ರಷ್ಟು ವೈಕಲ್ಯವಿದೆ ಎಂಬ ಪ್ರಮಾಣಪತ್ರವಿತ್ತು. ನ್ಯಾಯಾಲಯ ದೇಹದ ವೈಕಲ್ಯವನ್ನು ಶೇ.25 ಎಂದೂ, ಗಳಿಕೆಯ ನಷ್ಟವನ್ನು ಶೇ.20 ಎಂದೂ ಪರಿಗಣಿಸಿತು.

ಅಂದರೆ ಚಿತ್ರದಿಂದ ಪರಿಹಾರದ ಮೊತ್ತದವರೆಗೆ ಮೂರು ಮೆಟ್ಟಿಲುಗಳಿವೆ. ಎಕ್ಸ್-ರೇ ಏರಿಸುವುದು ಮೊದಲ ಮೆಟ್ಟಿಲನ್ನು ಮಾತ್ರ. ಮೂಳೆ ಸರಿಯಾಗಿ ಕೂಡಿದೆಯೇ, ಓರೆಯಾಗಿ ಕೂಡಿದೆಯೇ, ಒಳಗೆ ಸರಳು ಇದೆಯೇ ಎಂದು ಅದು ಹೇಳಬಲ್ಲದು. ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ ಎಂಬುದನ್ನು ವೈದ್ಯರು ಅಳೆದು ಹೇಳಬೇಕು. ಕುಕ್ಕರಗಾಲಿನಲ್ಲಿ ಕೂತು ಇಟ್ಟಿಗೆ ಜೋಡಿಸಲು ಆಗುತ್ತದೆಯೇ ಎಂಬುದನ್ನು ಗಾಯಾಳುವೂ ಆತನ ಮೇಸ್ತ್ರಿಯೂ ಹೇಳಬೇಕು. ಮೊದಲನೆಯದಕ್ಕೆ ಫಿಲ್ಮು ಕೊಟ್ಟು ಮೂರನೆಯದಕ್ಕೆ ಸಾಕ್ಷಿಯನ್ನೇ ಕರೆಯದ ಅರ್ಜಿಗಳಲ್ಲಿ ನ್ಯಾಯಮಂಡಳಿ ಊಹೆಯ ಮೇಲೆ ಒಂದು ಪ್ರಮಾಣ ಹಾಕುವುದು ಅನಿವಾರ್ಯವಾಗುತ್ತದೆ. ಅಂಗದ ವೈಕಲ್ಯದ ಮೂರನೇ ಒಂದು ಭಾಗವನ್ನು ಇಡೀ ದೇಹದ್ದೆಂದು ಹಿಡಿಯುವ ರೂಢಿ ರಾಜ್ಯದಲ್ಲಿ ಬಳಕೆಯಲ್ಲಿರುವುದು ಎಲ್ಲ ವಕೀಲರಿಗೂ ತಿಳಿದ ವಿಷಯ.

ಯಾವಾಗಿನ ಗಾಯ, ಯಾರ ಗಾಯ?

ವಿಮಾ ಕಂಪನಿಗಳ ಪ್ರಬಲ ಆಕ್ಷೇಪ ಬರುವುದು ಬೆನ್ನುನೋವಿನ ಪ್ರಕರಣಗಳಲ್ಲಿ. ಎಂ.ಆರ್.ಐ. ವರದಿಯಲ್ಲಿ 'ಡಿಸ್ಕ್ ಉಬ್ಬಿದೆ', 'ಸವೆದಿದೆ' ಎಂದಿರುತ್ತದೆ. ಅದು ಅಪಘಾತದ ಫಲವೆಂದು ಅರ್ಜಿದಾರ, ವಯೋಸಹಜವೆಂದು ಕಂಪನಿ ವಾದಿಸುತ್ತಾರೆ. ಕಂಪನಿಯ ವಾದಕ್ಕೆ ವೈದ್ಯಕೀಯ ಆಧಾರ ಇಲ್ಲದಿಲ್ಲ. ಬೆನ್ನುನೋವೇ ಇಲ್ಲದ 3,110 ಜನರ ಚಿತ್ರಗಳನ್ನು ಒಳಗೊಂಡ 33 ಅಧ್ಯಯನಗಳನ್ನು ಒಟ್ಟುಗೂಡಿಸಿ ಅಮೆರಿಕದ ನರವಿಕಿರಣ ವೈದ್ಯ ಪತ್ರಿಕೆಯೊಂದು 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, 20ರ ಹರೆಯದವರಲ್ಲೇ ಶೇ.37 ಮಂದಿಯಲ್ಲಿ ಡಿಸ್ಕ್ ಸವೆತ ಕಾಣುತ್ತದೆ. 80ರ ವಯಸ್ಸಿನಲ್ಲಿ ಈ ಪ್ರಮಾಣ ಶೇ.96. ಹೀಗಿರುವಾಗ 'ಎಂ.ಆರ್.ಐ.ನಲ್ಲಿ ಕಂಡಿದೆ' ಎಂಬ ಒಂದೇ ಮಾತು ಅಪಘಾತಕ್ಕೂ ನೋವಿಗೂ ಗಂಟು ಹಾಕಲಾರದು.

ಆದರೆ ಅದೇ ಚಿತ್ರಗಳಲ್ಲಿ ಗಾಯದ ವಯಸ್ಸನ್ನು ತಿಳಿಸುವ ಗುರುತುಗಳೂ ಇವೆ ಎಂಬುದನ್ನು ಮರೆಯಬಾರದು. ಹೊಸದಾಗಿ ಜಜ್ಜಿದ ಬೆನ್ನುಮೂಳೆಯ ಮಜ್ಜೆಯಲ್ಲಿ ನೀರು ತುಂಬಿದ ಊತ ಎಂ.ಆರ್.ಐ.ನಲ್ಲಿ ಕಾಣುತ್ತದೆ, ಕಾಲ ಕಳೆದಂತೆ ಅದು ಇಳಿಯುತ್ತದೆ. ತಲೆಯೊಳಗೆ ಆಗಷ್ಟೇ ಸೋರಿದ ರಕ್ತ ಸಿ.ಟಿ. ಚಿತ್ರದಲ್ಲಿ ಬೆಳ್ಳಗೆ ತೋರಿದರೆ, ವಾರಗಳು ಉರುಳಿದಂತೆ ಮಿದುಳಿನ ಬಣ್ಣಕ್ಕೆ ತಿರುಗಿ ಬಳಿಕ ಕಪ್ಪಾಗುತ್ತದೆ. ಕೈಕಾಲಿನ ಮುರಿತದ ಸುತ್ತ ಹೊಸ ಮೂಳೆ ಕಟ್ಟಿಕೊಳ್ಳತೊಡಗಿದ್ದರೆ ಆ ಗಾಯ ನಿನ್ನೆಯದಲ್ಲ ಎಂದೇ ಅರ್ಥ. ಆದ್ದರಿಂದ ಅಪಘಾತವಾದ ಮೊದಲ ದಿನಗಳ ಚಿತ್ರಕ್ಕೆ ಇರುವ ಬೆಲೆ, ಅರ್ಜಿ ಸಲ್ಲಿಸುವ ಮುನ್ನ ವಕೀಲರ ಸೂಚನೆಯಂತೆ ತೆಗೆಸಿದ ಚಿತ್ರಕ್ಕೆ ಇರಲಾರದು. ಎರಡೂ ಇದ್ದರೆ ಮಾತ್ರ ಗಾಯದ ಕಥೆ ಪೂರ್ಣವಾಗುತ್ತದೆ.

ಚಿತ್ರದಲ್ಲಿ ಕಾಣದ್ದೆಲ್ಲ ಇಲ್ಲದ್ದೇನೂ ಅಲ್ಲ. ಮಣಿಕಟ್ಟಿನ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆಯ ಮುರಿತ ಮೊದಲ ಎಕ್ಸ್-ರೇಯಲ್ಲಿ ಕಾಣದೆ, 10-14 ದಿನಗಳ ನಂತರದ ಚಿತ್ರದಲ್ಲಿ ಗೋಚರಿಸುವುದುಂಟು. ತಲೆಗೆ ಪೆಟ್ಟು ಬಿದ್ದು ಮಿದುಳಿನ ನರತಂತುಗಳು ಹರಿದಿದ್ದರೂ ಸಿ.ಟಿ. ಸ್ಕ್ಯಾನ್ 'ಸಹಜ' ಎಂದು ಬರುವ ಸಾಧ್ಯತೆ ಇದೆ. ಆ ವ್ಯಕ್ತಿಯ ಮರೆವು, ಸಿಡುಕು, ಕೆಲಸದಲ್ಲಿ ತಪ್ಪುವ ಏಕಾಗ್ರತೆ ಮನೆಯವರಿಗಷ್ಟೇ ಗೊತ್ತು. 'ಸ್ಕ್ಯಾನ್ ಸಹಜವಾಗಿದೆ' ಎಂಬ ಒಂದು ಸಾಲು ಇಂಥವರ ಅರ್ಜಿಯನ್ನು ಕೆಡವಲು ಬಳಕೆಯಾದರೆ ಅದು ವಿಜ್ಞಾನದ ಹೆಸರಿನಲ್ಲಿ ನಡೆಯುವ ಅನ್ಯಾಯವೇ ಸರಿ.

ಫಿಲ್ಮಿನಿಂದ ಕಡತಕ್ಕೆ

ರಾಸಾಯನಿಕದಲ್ಲಿ ತೊಳೆದು ಒಣಗಿಸುತ್ತಿದ್ದ ಫಿಲ್ಮು ಬಹುತೇಕ ಆಸ್ಪತ್ರೆಗಳಿಂದ ಮರೆಯಾಗಿದೆ. ಇಂದು ಚಿತ್ರ ಹುಟ್ಟುವುದೇ ಕಂಪ್ಯೂಟರ್ ಕಡತವಾಗಿ. ರೋಗಿಯ ಹೆಸರು, ಗುರುತಿನ ಸಂಖ್ಯೆ, ದಿನಾಂಕ, ಸಮಯ, ಯಂತ್ರದ ವಿವರ ಎಲ್ಲವೂ 'ಡೈಕಾಮ್' ಎಂದು ಕರೆಯಲಾಗುವ ಆ ಕಡತದೊಳಗೇ ಅಡಗಿರುತ್ತವೆ. ರೋಗಿಯ ಕೈಗೆ ಬರುವ ಫಿಲ್ಮು ಅದರ ಅಚ್ಚುಪ್ರತಿ ಮಾತ್ರ. ಆ ಅಚ್ಚುಪ್ರತಿಯನ್ನು ಕಿಟಕಿಗೆ ಹಿಡಿದು ಮೊಬೈಲ್‌ನಲ್ಲಿ ಕ್ಲಿಕ್ಕಿಸಿ ವಾಟ್ಸ್‌ಆ್ಯಪ್‌ನಲ್ಲಿ ವಕೀಲರಿಗೆ ಕಳುಹಿಸಿದಾಗ ಕಡತದೊಳಗಿನ ಈ ಗುರುತುಗಳೆಲ್ಲ ಕಳಚಿಬೀಳುತ್ತವೆ. ಉಳಿಯುವುದು ಯಾರದೋ ಮೂಳೆಯ ಮಸುಕು ನೆರಳು.

ಕಾನೂನು ಈ ಬದಲಾವಣೆಯನ್ನು ಗಮನಿಸಿದೆ. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2020ರಲ್ಲಿ ಮತ್ತೊಮ್ಮೆ ದೃಢಪಡಿಸಿತು. ದಾಖಲೆ ಯಾರ ಸುಪರ್ದಿಯಲ್ಲಿದೆಯೋ ಅವರು ಪ್ರಮಾಣಪತ್ರ ಕೊಡಲು ನಿರಾಕರಿಸಿದರೆ ನ್ಯಾಯಾಲಯದ ಮೊರೆ ಹೋಗಿ ತರಿಸಬಹುದೆಂಬ ಮಾತೂ ಎರಡನೇ ತೀರ್ಪಿನಲ್ಲಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಒಂದು ಹೆಜ್ಜೆ ಮುಂದೆ ಹೋಗಿ ಪ್ರಮಾಣಪತ್ರವನ್ನು ಎರಡು ಭಾಗ ಮಾಡಿದೆ. ಎರಡನೆಯ ಭಾಗಕ್ಕೆ ತಜ್ಞರ ಸಹಿ ಬೇಕು. ಕಡತದ ಬೆರಳಚ್ಚು ಎನ್ನಬಹುದಾದ 'ಹ್ಯಾಷ್' ಸಂಖ್ಯೆಯನ್ನೂ ಅದರಲ್ಲಿ ನಮೂದಿಸಬೇಕು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಈ ಸಂಖ್ಯೆ ಬೇರೆಯಾಗುತ್ತದೆ. ಸರಿಯಾದ ಸುಪರ್ದಿಯಿಂದ ಬಂದ ವಿದ್ಯುನ್ಮಾನ ದಾಖಲೆಯನ್ನು ಯಾರೂ ವಿವಾದಕ್ಕೆ ಒಳಪಡಿಸದಿದ್ದರೆ ಅದೇ ಪ್ರಾಥಮಿಕ ಸಾಕ್ಷ್ಯ ಎಂದು 57ನೇ ಕಲಂ ಹೇಳುತ್ತದೆ.

ಈ ಎಚ್ಚರಿಕೆ ಅತಿರೇಕವೇನಲ್ಲ. ಸಿ.ಟಿ. ಚಿತ್ರದಲ್ಲಿ ಇಲ್ಲದ ಗೆಡ್ಡೆಯನ್ನು ಸೇರಿಸಿ, ಇರುವುದನ್ನು ಅಳಿಸಿ ಅನುಭವಿ ವಿಕಿರಣ ತಜ್ಞರನ್ನೂ ಏಮಾರಿಸಬಹುದೆಂದು ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲೇ ಪ್ರಯೋಗದಿಂದ ತೋರಿಸಿದ್ದರು.

ಹಾಗೆಂದು ಪ್ರತಿಯೊಬ್ಬ ಗಾಯಾಳುವೂ ಹ್ಯಾಷ್ ಸಂಖ್ಯೆ ಹಿಡಿದು ಬರಬೇಕೆಂದು ನ್ಯಾಯಮಂಡಳಿಗಳು ಪಟ್ಟು ಹಿಡಿಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 169ನೇ ಕಲಂ ಅವುಗಳಿಗೆ ಸಂಕ್ಷಿಪ್ತ ವಿಚಾರಣೆಯ ಅಧಿಕಾರ ನೀಡಿದೆ. ಸಂದೇಹಾತೀತ ಸಾಬೀತು ಅಲ್ಲಿ ಬೇಕಿಲ್ಲ, ಸಂಭವನೀಯತೆ ಯಾರ ಕಡೆ ವಾಲುತ್ತದೆ ಎಂಬುದಷ್ಟೇ ಸಾಕು. ಆದರೆ ಅದೇ ಅಪಘಾತದ ಕ್ರಿಮಿನಲ್ ಮೊಕದ್ದಮೆಯಲ್ಲಾಗಲಿ, ಗೋಡೆ ಕುಸಿದೋ ವಿದ್ಯುತ್ ತಂತಿ ತಗುಲಿಯೋ ಗಾಯಗೊಂಡವರು ಸಿವಿಲ್ ನ್ಯಾಯಾಲಯದಲ್ಲಿ ಹೂಡುವ ದಾವೆಯಲ್ಲಾಗಲಿ ಈ ರಿಯಾಯಿತಿ ಇಲ್ಲ. ನ್ಯಾಯಮಂಡಳಿಯಲ್ಲಿಯೂ ಚಿತ್ರವೇ ಬೇರೆಯವರದೆಂಬ ಆಕ್ಷೇಪ ಎದ್ದರೆ ಮೂಲ ಕಡತವಿಲ್ಲದೆ ಗತ್ಯಂತರವಿಲ್ಲ.

ಆಸ್ಪತ್ರೆಯ ಕಪಾಟು, ನ್ಯಾಯಾಲಯದ ಗಡಿಯಾರ

ಇಲ್ಲಿಯೇ ವ್ಯವಸ್ಥೆಯ ದೊಡ್ಡ ಬಿರುಕು ಇರುವುದು. ವೈದ್ಯರ ವೃತ್ತಿ ನಡತೆ ಕುರಿತ 2002ರ ನಿಯಮಾವಳಿ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಯ್ದಿಡಬೇಕು. ರೋಗಿ ಅಥವಾ ಆತನ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಒದಗಿಸಬೇಕು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ಹೊರಡಿಸಿ ಅದೇ ತಿಂಗಳು ತಡೆಹಿಡಿದ ಕಾರಣ ಹಳೆಯ ನಿಯಮಾವಳಿಗೇ ಮರಳಬೇಕಾಯಿತು. ಪರಿಹಾರ ಪ್ರಕರಣವೊಂದು ನ್ಯಾಯಮಂಡಳಿ ದಾಟಿ, ಮೇಲ್ಮನವಿಯಾಗಿ ಹೈಕೋರ್ಟ್ ತಲುಪುವ ಹೊತ್ತಿಗೆ 3 ವರ್ಷ ಎಂದೋ ಕಳೆದಿರುತ್ತದೆ. 2010ರ ತೀರ್ಪಿಗೆ ಕಾರಣವಾದ ಅಪಘಾತ ಸಂಭವಿಸಿದ್ದು 1991ರಲ್ಲಿ ಎಂಬುದನ್ನು ಗಮನಿಸಿದರೆ ನ್ಯಾಯಾಲಯದ ಗಡಿಯಾರಕ್ಕೂ ಆಸ್ಪತ್ರೆಯ ಕಪಾಟಿಗೂ ಇರುವ ಅಂತರ ಅರ್ಥವಾಗುತ್ತದೆ.

72 ಗಂಟೆಗಳ ಹಕ್ಕು ತಮಗಿದೆ ಎಂಬ ತಿಳಿವಳಿಕೆಯೂ ಬಹಳ ಮಂದಿಗಿಲ್ಲ. ಬಿಡುಗಡೆಯ ದಿನ ಬಿಲ್ಲು ಕಟ್ಟುವ ಆತಂಕದಲ್ಲಿರುವ ಕುಟುಂಬಕ್ಕೆ ಸ್ಕ್ಯಾನ್ ಸಿ.ಡಿ. ಕೇಳಬೇಕೆಂದು ಹೊಳೆಯುವುದಿಲ್ಲ. ಮನೆಗೆ ತಂದ ಫಿಲ್ಮು ಬೀರುವಿನ ಮೇಲೆ ಶಾಖಕ್ಕೆ ಅಂಟಿಕೊಂಡು ಹಾಳಾಗುವುದೂ ಉಂಟು. ಕೊನೆಗೆ ನಷ್ಟ ಅನುಭವಿಸುವವನು ದಾಖಲೆ ಕಾಯುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವವನೇ.

ಸಂಶಯಕ್ಕೂ ಕಾರಣವುಂಟು

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಕೇಳಿದ್ದೇ ತಡ ವೈಕಲ್ಯ ಪ್ರಮಾಣಪತ್ರ ಬರೆದುಕೊಡುವ ವೈದ್ಯರ ಬಗ್ಗೆ 2010ರ ತೀರ್ಪು ನ್ಯಾಯಮಂಡಳಿಗಳನ್ನು ಎಚ್ಚರಿಸಿತ್ತು. ಉತ್ತರ ಪ್ರದೇಶದಲ್ಲಿ ನಕಲಿ ಪರಿಹಾರ ಅರ್ಜಿಗಳ ಹಾವಳಿ ಎಷ್ಟಿತ್ತೆಂದರೆ ಅಲಹಾಬಾದ್ ಹೈಕೋರ್ಟ್ ಆದೇಶದ ಮೇರೆಗೆ 2015ರಲ್ಲಿ ವಿಶೇಷ ತನಿಖಾ ತಂಡವನ್ನೇ ರಚಿಸಬೇಕಾಯಿತು. ವಿಮಾ ಕಂಪನಿಗಳ ಸಂಶಯ ಪೂರ್ತಿ ನಿರಾಧಾರವಲ್ಲ. ಆದರೆ ಕಳ್ಳ ಅರ್ಜಿದಾರನ ನೆಪದಲ್ಲಿ ನಿಜವಾದ ಗಾಯಾಳು ಅನುಮಾನದ ಭಾರ ಹೊರಬೇಕಾಗಿ ಬರುವುದು ದುರಂತ.

ಚಿಕಿತ್ಸೆ ನೀಡಿದ ವೈದ್ಯರೇ ಸಾಕ್ಷಿ ನುಡಿದರೆ ಈ ಗೊಂದಲ ಅರ್ಧಕ್ಕರ್ಧ ಬಗೆಹರಿಯುತ್ತದೆ. ಆದರೆ ಇಡೀ ದಿನ ನ್ಯಾಯಾಲಯದ ಮೊಗಸಾಲೆಯಲ್ಲಿ ಕಾಯಲು ಯಾವ ಶಸ್ತ್ರಚಿಕಿತ್ಸಕರೂ ಒಪ್ಪುವುದಿಲ್ಲ. ಪರಿಣಾಮವಾಗಿ ಗಾಯಾಳುವನ್ನು ಒಮ್ಮೆಯೂ ಉಪಚರಿಸದ ವೈದ್ಯರು ಹೊಸ ಎಕ್ಸ್-ರೇ ತೆಗೆಸಿ, ಪ್ರಮಾಣ ನಿಗದಿಪಡಿಸಿ ಕಟಕಟೆಗೆ ಬರುತ್ತಾರೆ. ವೈದ್ಯರಿಗೆ ನಿಶ್ಚಿತ ಸಮಯ ಕೊಡಬೇಕು, ಅಗತ್ಯವಾದರೆ ಕಮಿಷನರ್ ಮೂಲಕ ಹೇಳಿಕೆ ದಾಖಲಿಸಬೇಕು, ವಿವಾದವಿಲ್ಲದ ಪ್ರಮಾಣಪತ್ರಗಳನ್ನು ಉಭಯ ಪಕ್ಷಗಳ ಒಪ್ಪಿಗೆಯಿಂದಲೇ ಗುರುತಿಸಬೇಕು ಎಂದು ಸುಪ್ರೀಂ ಕೋರ್ಟ್ ಅಂದೇ ದಾರಿ ತೋರಿಸಿದೆ. ಸಂದೇಹ ಬಂದಲ್ಲಿ ವೈದ್ಯಕೀಯ ಮಂಡಳಿಗೆ ಒಪ್ಪಿಸುವ ಅವಕಾಶವೂ ಇದೆ.

ಹೊಣೆ ಯಾರದು?

2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳಂತೆ ಅಪಘಾತದ ಪ್ರಥಮ ವರದಿಯನ್ನು ಪೊಲೀಸರು 48 ಗಂಟೆಯೊಳಗೆ, ಮಧ್ಯಂತರ ವರದಿಯನ್ನು 50 ದಿನಗಳೊಳಗೆ, ವಿಸ್ತೃತ ವರದಿಯನ್ನು 90 ದಿನಗಳೊಳಗೆ ನ್ಯಾಯಮಂಡಳಿಗೆ ಸಲ್ಲಿಸಬೇಕು. ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಈ 90 ದಿನಗಳೊಳಗೆ ಮೊದಲ ಚಿತ್ರದ ಮೂಲ ಕಡತವೂ ಆಸ್ಪತ್ರೆಯ ಪ್ರಮಾಣಪತ್ರದೊಂದಿಗೆ ನ್ಯಾಯಮಂಡಳಿ ತಲುಪುವಂತಾದರೆ ಅರ್ಧ ವಿವಾದ ಹುಟ್ಟುವ ಮುನ್ನವೇ ಇಲ್ಲವಾಗುತ್ತದೆ. ಕಡತ ಆಗ ಇನ್ನೂ ಆಸ್ಪತ್ರೆಯ ಕಂಪ್ಯೂಟರ್‌ನಲ್ಲಿರುತ್ತದೆ. ತೆಗೆದ ತಂತ್ರಜ್ಞ, ವರದಿ ಬರೆದ ವೈದ್ಯ ಇಬ್ಬರೂ ಅಲ್ಲೇ ಇರುತ್ತಾರೆ. ಆಸ್ಪತ್ರೆಗಳು ಅಪಘಾತದ ಪ್ರಕರಣಗಳ ಚಿತ್ರಗಳನ್ನಾದರೂ ಮೊಕದ್ದಮೆ ಮುಗಿಯುವತನಕ ಉಳಿಸಿಕೊಳ್ಳಬೇಕೆಂಬ ಸ್ಪಷ್ಟ ನಿಯಮ ರೂಪಿಸಲು ಸರ್ಕಾರಕ್ಕೆ ಹೆಚ್ಚಿನ ಖರ್ಚೇನೂ ಬಾರದು.

ಅಲ್ಲಿಯವರೆಗೆ ಎಚ್ಚರ ವಹಿಸುವ ಕೆಲಸ ಗಾಯಾಳುವಿನ ಮನೆಯವರ ಮೇಲೇ ಉಳಿಯುತ್ತದೆ. ಬಿಡುಗಡೆಯ ದಿನವೇ ಲಿಖಿತ ಅರ್ಜಿ ಕೊಟ್ಟು ಚಿತ್ರಗಳ ಸಿ.ಡಿ., ವರದಿ, ಕೇಸ್ ಶೀಟ್ ಪ್ರತಿ ಪಡೆಯುವುದು, ಫಿಲ್ಮಿನ ಮೇಲಿನ ಹೆಸರು, ವಯಸ್ಸು, ದಿನಾಂಕ, ಎಡ-ಬಲದ ಗುರುತು ಸರಿಯಿದೆಯೇ ಎಂದು ಅಲ್ಲಿಯೇ ನೋಡಿಕೊಳ್ಳುವುದು, ಮೂಳೆ ಕೂಡಿದ ನಂತರದ ಚಿತ್ರಗಳನ್ನೂ ಮೊದಲಿನವುಗಳ ಜೊತೆಗೇ ಇಡುವುದು ಒಳಿತು. ಹೆಸರಿನ ಒಂದು ಅಕ್ಷರ ತಪ್ಪಿದ್ದರೂ ಅಂದು ಐದು ನಿಮಿಷದಲ್ಲಿ ಸರಿಹೋಗುವುದು, ಮುಂದೆ ಪಾಟೀ ಸವಾಲಿನಲ್ಲಿ ಒಂದು ದಿನವನ್ನೇ ನುಂಗೀತು.

ಯಂತ್ರ ತೋರಿಸುವುದು ಮುರಿದ ಮೂಳೆಯನ್ನು. ಮುರಿದ ದುಡಿಮೆಯನ್ನು ತೋರಿಸುವ ಯಂತ್ರ ಇನ್ನೂ ಬಂದಿಲ್ಲ. ಅದನ್ನು ಕಾಣುವ ಕೆಲಸ ನ್ಯಾಯಾಧೀಶರದು. ಕಾಣುವಂತೆ ಮಾಡುವ ಕೆಲಸ ವೈದ್ಯರದು ಮತ್ತು ವಕೀಲರದು. ಆ ಸರಪಣಿಯ ಮೊದಲ ಕೊಂಡಿಯಾದ ಚಿತ್ರವೇ ಕಳೆದುಹೋದರೆ ಉಳಿದವರು ಎಷ್ಟೇ ಸಜ್ಜನರಾದರೂ ಊರುಗೋಲು ಹಿಡಿದು ನಿಂತವನಿಗೆ ಸಿಗುವುದು ಅನುಕಂಪವೇ ಹೊರತು ನ್ಯಾಯವಲ್ಲ.